ಜಿಲ್ಲಾಧಿಕಾರಿಗಳೇ, ಆ ಕಂಪನಿ ನೋಂದಣಿ ಆಗಿದೆಯೋ ಇಲ್ಲವೋ, ಅಷ್ಟು ಹೇಳಿ

ಮಾನ್ಯ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ. ನಿಮ್ಮ ಕಚೇರಿಗೆ ಇದು ನನ್ನ ನಾಲ್ಕನೇ ಪತ್ರ. ಮೊದಲ ಮೂರೂ ಟಪಾಲು ವಿಭಾಗದಲ್ಲಿ ಸೀಲು ಹಾಕಿಸಿಕೊಂಡು ಒಳಗೆ ಹೋದವು, ಮತ್ತೆ ಹೊರಗೆ ಬರಲಿಲ್ಲ. ಅದಕ್ಕೇ ಇದನ್ನು ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ಸಾಲ ಮನ್ನಾ ಮಾಡಿ ಅಂತ ನಾನು ಕೇಳುತ್ತಿಲ್ಲ. ಹಸು ಕೊಳ್ಳಲು ನಮ್ಮ ಹೆಂಗಸರ ಸಂಘದ ಮೂಲಕ ಆ ಕಿರುಸಾಲದ (ಮೈಕ್ರೋಫೈನಾನ್ಸ್) ಕಂಪನಿಯಿಂದ 50,000 ರೂಪಾಯಿ ತೆಗೆದದ್ದು ನಾನೇ. 24 ಕಂತಿನಲ್ಲಿ 17 ಕಟ್ಟಿದ್ದೇನೆ. ಯಜಮಾನರು ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಎರಡು ಕಂತು ತಪ್ಪಿತು. ಡೇರಿ ಬಟವಾಡೆ ಆದ ದಿನ ಮೊದಲು ಕಂತಿನ ದುಡ್ಡು ಅಕ್ಕಿ ಡಬ್ಬಕ್ಕೆ ಹೋಗುತ್ತದೆ. ಆಮೇಲೆ ಬೂಸಾ, ಆಮೇಲೆ ಅವರ ಮಾತ್ರೆ. ಅದರಲ್ಲಿ ಮಿಕ್ಕಿದ್ದು ನಮ್ಮ ಸಂಸಾರಕ್ಕೆ. ಹೀಗಿದ್ದರೂ ರಸ್ತೆಯಲ್ಲಿ ಬೈಕ್ ನಿಂತ ಸದ್ದಾದರೆ, ಕಂಪನಿಯ ವಸೂಲಿಯವರು ಬಂದರೇನೋ ಅಂತ ಎದೆ ಧಸಕ್ಕೆನ್ನುತ್ತದೆ. ದೀಪ ಆರಿಸಿ ಕತ್ತಲಲ್ಲೇ ಕೂರುತ್ತೇವೆ. ಮಗಳು ಒಂಬತ್ತನೇ ಕ್ಲಾಸು, ಅವಳ ಓದು ಏನಾಯಿತು ಅಂತ ಬರೆಯಲು ನನಗೆ ಮನಸ್ಸಿಲ್ಲ.

ಒಬ್ಬಳು ಕಟ್ಟದಿದ್ದರೆ ಗುಂಪಿನ ಹತ್ತು ಜನರನ್ನೂ ಮೀಟಿಂಗ್‌ನಿಂದ ಎದ್ದು ಹೋಗಲು ಬಿಡುವುದಿಲ್ಲ. ಪಕ್ಕದ ಮನೆ ಅಕ್ಕ ಮೊದಲು ಹೆಪ್ಪಿಗೆ ಅಂತ ದಿನಾ ಬರುತ್ತಿದ್ದವರು, ಈಗ ನನ್ನನ್ನು ಕಂಡರೆ ಸೆರಗು ಕೊಡವಿಕೊಂಡು ಹೋಗುತ್ತಾರೆ. ಅವರದೂ ತಪ್ಪಲ್ಲ, ಅವರ ಮನೆಯಲ್ಲೂ ಒಲೆ ಹತ್ತಬೇಕಲ್ಲ.

ಗೌರಿ ಹಬ್ಬದ ರಾತ್ರಿಯ ಮಾತು ಹೇಳಬೇಕು. ತವರಿನಿಂದ ಅಣ್ಣ ಬಾಗಿನ ತಂದಿದ್ದ. ಒಂಬತ್ತೂವರೆಗೆ ವಸೂಲಿಯವರಿಬ್ಬರು ಬಂದು ಜಗಲಿ ಮೇಲೆ ಕೂತರು. 'ಹಬ್ಬ ಮಾಡಕ್ಕೆ ದುಡ್ಡಿದೆ, ಕಟ್ಟಕ್ಕಿಲ್ವಾ?' ಅಂದರು. ಅಣ್ಣ ಕೈ ಮುಗಿದ. ಬಳೆಗೆ ಅಂತ ಅವನು ಮೊರದಲ್ಲಿ ಇಟ್ಟಿದ್ದ 500 ರೂಪಾಯಿ ಒಬ್ಬನ ಕಣ್ಣಿಗೆ ಬಿತ್ತು. ಬಾಗಿನದ ಮೊರಕ್ಕೆ ಕೈ ಹಾಕಿ ಎತ್ತಿಕೊಂಡ. ರಸೀದಿ ಕೇಳಿದ್ದಕ್ಕೆ ನಕ್ಕ. ಅಣ್ಣ ಆ ರಾತ್ರಿ ಉಣ್ಣದೆ ಹೋದ.

ಠಾಣೆಗೆ ಹೋದರೆ 'ಸಾಲ ತಗೊಳ್ಳೋವಾಗ ಗೊತ್ತಿರ್ಲಿಲ್ವಾ' ಎಂದರು. ಪೊಲೀಸರು ಕೇಸು ದಾಖಲಿಸಲು ನಿರಾಕರಿಸುವಂತಿಲ್ಲ ಅಂತ, ಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ಬಂದ ರಾಜ್ಯದ ಸುಗ್ರೀವಾಜ್ಞೆಯಲ್ಲೇ ಇತ್ತಲ್ಲವೇ? ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಅಂತ ಟಿವಿಯಲ್ಲಿ ದಿನವಿಡೀ ಹೇಳಿದರು. ನಮ್ಮೂರಿನಲ್ಲಿ ಅವತ್ತು ಸಿಹಿ ಮಾಡಿದವರೂ ಇದ್ದಾರೆ. ಪಾಪ.

ನಿಯಮ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಕಂಪನಿ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಆಗಿದ್ದರೆ ಆ ಬ್ಯಾಂಕಿನ ಕಿರುಸಾಲದ ನಿಯಮದ ಪ್ರಕಾರ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನ್ ಮಾಡುವುದೂ ತಪ್ಪು, ನೆಂಟರಿಷ್ಟರನ್ನು ಪೀಡಿಸುವುದೂ ತಪ್ಪು. ಆಗಿಲ್ಲದಿದ್ದರೆ ನಮ್ಮ ರಾಜ್ಯದ ಕಾನೂನಿದೆ, ನೋಂದಣಿ ಮಾಡುವ ಅಧಿಕಾರಿ ನೀವೇ. ಎರಡರಲ್ಲಿ ಯಾವುದು? ಮೂರು ಪತ್ರದಲ್ಲೂ ಇದನ್ನೇ ಕೇಳಿದ್ದೆ. ನಿಮ್ಮ ಕಚೇರಿಯವರು ತಹಸೀಲ್ದಾರರಿಗೆ 'ಸೂಕ್ತ ಕ್ರಮಕ್ಕಾಗಿ' ಕಳಿಸಿದರಂತೆ, ಅವರು ಅದೇ ಠಾಣೆಗೆ ಕಳಿಸಿದರಂತೆ. ನನ್ನ ಅರ್ಜಿ ನನಗಿಂತ ಜಾಸ್ತಿ ಊರು ನೋಡಿದೆ.

ಸ್ವಾಮಿ, ಆ ಕಂಪನಿ ನೋಂದಣಿ ಆಗಿದೆಯೋ ಇಲ್ಲವೋ, ಒಂದು ಸಾಲು ಬರೆದು ತಿಳಿಸಿ. ವಸೂಲಿಯವರು ಕತ್ತಲಾದ ಮೇಲೆ ಮನೆಗೆ ಬರುವುದನ್ನು ನಿಲ್ಲಿಸಿ. ಆ 500 ರೂಪಾಯಿ ನನ್ನ ಸಾಲದ ಕಾರ್ಡಿನಲ್ಲಿ ಇನ್ನೂ ಜಮೆ ಆಗಿಲ್ಲ, ಅದನ್ನೂ ಕೇಳಿ. ಉಳಿದ ಕಂತು ನಾನು ಕಟ್ಟುತ್ತೇನೆ. ಮತ್ತೆ ಕೇಳುತ್ತೇನೆ, ನೋಂದಣಿ ಆಗಿದೆಯೋ, ಇಲ್ಲವೋ?

ಉತ್ತರ ಅಂಚೆಯಲ್ಲಿ ಕಳಿಸಿದರೂ ಸಾಕು. ವಿಚಾರಣೆಗೆ ಯಾರನ್ನಾದರೂ ಕಳಿಸುವುದಾದರೆ ದಯವಿಟ್ಟು ಸಂಜೆ ಆರರೊಳಗೆ ಕಳಿಸಿ. ಆಮೇಲೆ ಬಂದರೆ ನಾವು ದೀಪ ಆರಿಸಿರುತ್ತೇವೆ, ಬಾಗಿಲು ತೆಗೆಯುವುದಿಲ್ಲ.

ಇಂತಿ,
ನಿಮ್ಮ ಜಿಲ್ಲೆಯ ಒಬ್ಬ ಸಾಲಗಾರ್ತಿ