ಗೆಳೆಯನಿಗೊಂದು ಪತ್ರ: ಹಳೆಯ ಟೀಪಾಯಿ ಕೊಳ್ಳುವ ಮೊದಲು ಮಗುಚಿ ನೋಡು

ಗೆಳೆಯಾ,

ನೀನು ಕಳಿಸಿದ ಮೂರೂ ಫೋಟೊ ನೋಡಿದೆ. ಸೋಫಾ ಪಕ್ಕಕ್ಕೆ ಹಳೆಯ ಟೀಪಾಯಿಯೇ ಬೇಕು ಅಂತ ನೀನು ಹಟ ಹಿಡಿದಿರುವುದು ನನಗೆ ತುಂಬಾ ಖುಷಿ. ಆದರೆ ಮೂರು ಫೋಟೊದಲ್ಲೂ ಅಡಿಭಾಗ ಕಾಣುತ್ತಿಲ್ಲ. ಮೇಲಿನ ಹಲಗೆಗೆ ಒಂದೇ ದಿನದಲ್ಲಿ ಪಾಲಿಶ್ ಹೊಡೆದು ಯಾವ ಕಾಲದ ಬಣ್ಣ ಬೇಕಾದರೂ ತರಿಸಬಹುದು, ಅಡಿಭಾಗಕ್ಕೆ ಯಾರೂ ಅಷ್ಟು ಕಷ್ಟಪಡುವುದಿಲ್ಲ. ಅದಕ್ಕೇ ಅಂಗಡಿಗೆ ಹೋದ ಕೂಡಲೇ ಟೀಪಾಯಿಯನ್ನು ಮಗುಚಿಸು. ಸಂಕೋಚ ಬೇಡ. ಮಗುಚಲು ಬಿಡದವರ ಹತ್ತಿರ ವ್ಯಾಪಾರವೇ ಬೇಡ.

ಮೊದಲು ಆ ದುಂಡನೆಯ ಬೀಟೆ ಟೀಪಾಯಿ, ಮೂರು ಕಾಲಿನದು. 120 ವರ್ಷದ್ದು ಅಂತ ಹೇಳಿದರು ಅಂದೆ. ಇದ್ದರೂ ಇರಬಹುದು. ಟೇಪು ಹಿಡಿದು ಹಲಗೆಯನ್ನು ಎರಡು ಸಲ ಅಳೆ, ಒಮ್ಮೆ ಮರದ ಗೆರೆಯ ಉದ್ದಕ್ಕೆ, ಇನ್ನೊಮ್ಮೆ ಗೆರೆಗೆ ಅಡ್ಡವಾಗಿ. ಮರ ಒಣಗುತ್ತಾ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಗಟ್ಟಿ ಮರದ ಹಳೆಯ ದುಂಡು ಹಲಗೆ ಕೆಲವು ಮಿಲಿಮೀಟರಿನಷ್ಟು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಕಣ್ಣಿಗೆ ಕಾಣದು, ಟೇಪಿಗೆ ಸಿಗುತ್ತದೆ. ಎರಡೂ ಅಳತೆ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದೆ ಬಂದರೆ ಸ್ವಲ್ಪ ಅನುಮಾನ ಇಟ್ಟುಕೋ.

ಆಮೇಲೆ ಸ್ಕ್ರೂ. ಪ್ಲಸ್ ಗುರುತಿನ ತಲೆ ಇರುವ ಸ್ಕ್ರೂಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದೇ 1936ರಲ್ಲಿ. ಟೀಪಾಯಿ ಮಾಡುವಾಗಲೇ ಅದನ್ನು ಹಾಕಿದ್ದರೆ 120 ವರ್ಷದ ಮಾತು ಅಲ್ಲಿಗೆ ಮುಗಿಯಿತು. ನಂತರದ ರಿಪೇರಿಯಲ್ಲಿ ಹಾಕಿದ್ದಾದರೆ ಪಕ್ಕದಲ್ಲೇ ಹಳೆಯ ತೂತು, ಕಪ್ಪಾದ ಮರ, ಏನಾದರೊಂದು ಸುಳಿವು ಇರಬೇಕು. ಅಡಿಯಲ್ಲಿ ಬೆರಳಾಡಿಸಿಯೂ ನೋಡು. ಕೈಯಿಂದ ಕೀಸುಳಿ ಹೊಡೆದ ಹಲಗೆಯಲ್ಲಿ ನವಿರಾದ ಏರಿಳಿತ ಸಿಗುತ್ತದೆ. ಅಡಿಭಾಗಕ್ಕೂ ಒಂದೇ ಸಮ ಕಪ್ಪು ಬಣ್ಣ ಬಳಿದಿದ್ದರೆ ಏನನ್ನು ಮುಚ್ಚಿದ್ದಾರೆ ಅಂತ ಕೇಳು, ಯಾಕೆಂದರೆ ಹಿಂದಿನ ಆಚಾರ್ರು ಕಾಣದ ಕಡೆ ಸಾಮಾನ್ಯವಾಗಿ ಪಾಲಿಶ್ ಹಚ್ಚುತ್ತಿರಲಿಲ್ಲ, ಮರ ತಾನಾಗಿಯೇ ಮಾಗಿ ಅಲ್ಲಲ್ಲಿ ಬೇರೆ ಬೇರೆ ಕಂದು ಬಣ್ಣ ಬಂದಿರುತ್ತದೆ.

ಇಷ್ಟೆಲ್ಲ ನೋಡು ಅಂದರೂ ನನಗೆ ವಯಸ್ಸಿಗಿಂತ ಕೆಲಸ ಮುಖ್ಯ. 1950ರ ಸುಮಾರಿಗೆ ಊರಿನ ಆಚಾರ್ರೊಬ್ಬರು ಸಾಗುವಾನಿಯಲ್ಲಿ ಬೆಣೆ ಹೊಡೆದು ಕೂಡಿಸಿದ ಸಾದಾ ಟೀಪಾಯಿ, ಕೊರೆದ ಹೂಬಳ್ಳಿ ಇರುವ ಸಡಿಲ ಕಾಲಿನ 'ಆಂಟಿಕ್'ಗಿಂತ ಎಷ್ಟೋ ವಾಸಿ. ನೂರು ವರ್ಷ ದಾಟಿದರೆ ಆಂಟಿಕ್, ಅದಕ್ಕಿಂತ ಈಚಿನದು ವಿಂಟೇಜ್ ಅನ್ನುವುದು ವ್ಯಾಪಾರದ ರೂಢಿ. ಈ ರೂಢಿಯಿಂದ ಬೆಲೆ ಏರುತ್ತದೆ ಅಷ್ಟೇ, ಕಾಲು ಗಟ್ಟಿಯಾಗುವುದಿಲ್ಲ. ಎರಡು ಕೈಯಲ್ಲಿ ಹಿಡಿದು ಮೂಲೆಯಿಂದ ಮೂಲೆಗೆ ತಿರುಚಿ ನೋಡು. ಕಿರುಗುಟ್ಟಿದರೆ ಅಂಟು ಬಿಟ್ಟಿದೆ ಅಂತ ಅರ್ಥ, ಅದು ಸರಿಯಾಗುವಂಥದ್ದು. ಕಾಲಿನ ಬುಡ ಮೆತ್ತಗಾಗಿದ್ದರೆ ಬೇಡ. ಸಣ್ಣ ತೂತುಗಳಿದ್ದರೆ ಕೆಳಗೆ ಕಪ್ಪು ಕಾಗದ ಹಾಸಿ ಮೆಲ್ಲಗೆ ತಟ್ಟು. ತಿಳಿ ಬಣ್ಣದ ಹೊಸ ಪುಡಿ ಉದುರಿದರೆ ಕುಟ್ಟೆ ಹುಳು ಇನ್ನೂ ಒಳಗಿರುವ ಸಂಭವ ಜಾಸ್ತಿ. ಅಂಥದ್ದನ್ನು ಔಷಧಿ ಮಾಡಿಸದೆ ಮನೆಯೊಳಗೆ ತರಬೇಡ, ಬೇರೆ ಮರಕ್ಕೂ ಹತ್ತುತ್ತದೆ.

ಎರಡನೆಯ ಫೋಟೊ, ಮೈಸೂರು ಇನ್ಲೇ ಕೆಲಸದ್ದು, ಅಂದರೆ ಮರದಲ್ಲಿ ಕೊರೆದು ಬೇರೆ ಬಣ್ಣದ ತುಂಡು ಕೂರಿಸಿ ಚಿತ್ರ ಮಾಡಿದ್ದು. ಇದರ ಬಗ್ಗೆ ಹುಷಾರು. ಬೀಟೆಯ ಮೇಲೆ ಹಲಸಿನ ಹಳದಿ, ಬೇರೆ ಬೇರೆ ಮರದ ಸಹಜ ಬಣ್ಣ ಕೂಡಿಸಿ ಮಾಡಿದ ಚಿತ್ರವಾದರೆ ಕಣ್ಣು ಮುಚ್ಚಿ ತಗೋ, ಅದು ನಮ್ಮ ನಾಡಿನ ಕೈಕೆಲಸ, ಅದಕ್ಕೆ ಕೊಟ್ಟ ದುಡ್ಡು ದಂಡವಲ್ಲ. ಆದರೆ ಹಿಂದಿನವರು ಬಿಳಿ ಭಾಗಕ್ಕೆ ಆನೆದಂತ ಕೂರಿಸುತ್ತಿದ್ದರು. ಮೈಸೂರು ಅರಮನೆಯ ಬೀಟೆ ಬಾಗಿಲಿನಲ್ಲಿ ನೀನೇ ನೋಡಿದ್ದೀಯಲ್ಲ. ವನ್ಯಜೀವಿ ಕಾಯ್ದೆಗೆ 1986ರಲ್ಲಿ ಬಂದ ತಿದ್ದುಪಡಿ ನಮ್ಮ ದೇಶದ ದಂತದ ವ್ಯಾಪಾರ ನಿಲ್ಲಿಸಿತು, 1991ರ ತಿದ್ದುಪಡಿ ಆಫ್ರಿಕಾದ ದಂತವನ್ನೂ ನಿಲ್ಲಿಸಿತು. ಎಷ್ಟೇ ಹಳೆಯದಾದರೂ ಕೊಳ್ಳುವ ಹಾಗಿಲ್ಲ, ಮಾರುವ ಹಾಗೂ ಇಲ್ಲ. ಅಂಗಡಿಯವರು 'ಒರಿಜಿನಲ್ ದಂತ ಸಾರ್' ಅಂತ ಹೆಮ್ಮೆಯಿಂದ ಹೇಳಿದರೆ ಅಲ್ಲಿಂದ ಹೊರಟುಬಿಡು. ನನಗಂತೂ ಅದು ಬರೀ ಕಾನೂನಿನ ವಿಷಯ ಅಲ್ಲ, ಆನೆಯ ಹಲ್ಲಿನ ಮೇಲೆ ಕಾಫಿ ಲೋಟ ಇಡಲು ಮನಸ್ಸು ಬರುವುದಿಲ್ಲ.

ಒಂದು ಟೀಪಾಯಿಯನ್ನು ಅಮೆರಿಕದಲ್ಲಿರುವ ತಂಗಿಗೆ ಕಳಿಸುತ್ತೇನೆ ಅಂದಿದ್ದೆ ಅಲ್ವಾ? ನೂರು ವರ್ಷ ದಾಟಿದ ಕೈಕೆಲಸದ ವಸ್ತು 1972ರ ಪುರಾತನ ವಸ್ತುಗಳ ಕಾಯ್ದೆಯ ಲೆಕ್ಕಕ್ಕೆ ಬರುತ್ತದೆ, ಅದನ್ನು ನಾವು ನೀವು ಹೊರದೇಶಕ್ಕೆ ಕಳಿಸುವಂತಿಲ್ಲ. ಬೀಟೆಗೆ ಇನ್ನೊಂದು ತೊಡಕೂ ಇದೆ. ಬೀಟೆಯ ಜಾತಿಯ ಮರಗಳೆಲ್ಲ 2017ರಲ್ಲಿ ಸೈಟೀಸ್ ಅನ್ನುವ, ಅಪಾಯದಲ್ಲಿರುವ ಪ್ರಾಣಿ-ಸಸ್ಯಗಳ ವ್ಯಾಪಾರದ ಮೇಲೆ ಹಿಡಿತ ಇಡುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿವೆ, ಗಡಿಯಲ್ಲಿ ಕಾಗದಪತ್ರ ಕೇಳಬಹುದು. ತಂಗಿಗೆ ಈಗಿನ ಕಾಲದ ಒಂದು ಸಣ್ಣ ಸಾಗುವಾನಿ ಟೀಪಾಯಿ ಮಾಡಿಸಿ ಕಳಿಸು.

ಮೂರನೆಯದು ಹೊಲಿಗೆ ಯಂತ್ರದ ಎರಕದ ಸ್ಟ್ಯಾಂಡಿಗೆ ಹಲಗೆ ಹಾಕಿದ್ದು. ಚೆಂದವೇನೋ ಹೌದು. ಆದರೆ ಅವು ಸುಮಾರು 28ರಿಂದ 30 ಇಂಚು ಎತ್ತರ ಇರುತ್ತವೆ, ಕೂತು ಹೊಲಿಯಲು ಮಾಡಿದ್ದು. ಸೋಫಾ ಪಕ್ಕ ಇಟ್ಟರೆ ಲೋಟ ಭುಜದ ಹತ್ತಿರ ಬರುತ್ತದೆ. ಕಿಟಕಿಯ ಬಳಿ ಗಿಡ ಇಡಲು ಬೇಕಾದರೆ ತಗೋ. ಎರಕದ ಕಬ್ಬಿಣ ಬಿರುಕು ಬಿಟ್ಟರೆ ಬೆಸುಗೆ ಸುಲಭಕ್ಕೆ ಕೂರುವುದಿಲ್ಲ, ದಪ್ಪ ಬಣ್ಣದ ಕೆಳಗೆ ಗೆರೆ ಇದೆಯಾ ನೋಡು.

ಹಳೆಯ ಮನೆಯ ಬಾಗಿಲು, ತೊಲೆ ಬಿಚ್ಚಿ ಹೊಸದಾಗಿ ಕಟ್ಟಿದ ಟೀಪಾಯಿಗಳೂ ಬೇಕಾದಷ್ಟು ಸಿಗುತ್ತವೆ. ತಮಿಳುನಾಡಿನ ಕಾರೈಕುಡಿಯ ಮುನೀಶ್ವರನ್ ಕೋವಿಲ್ ಬೀದಿಯಲ್ಲಿ, ಕೊಚ್ಚಿಯ ಜ್ಯೂ ಟೌನಿನಲ್ಲಿ ಹಳೆಯ ಮನೆಗಳ ಸಾಮಾನೇ ರಾಶಿ. ಮರ ಹಳೆಯದು, ಟೀಪಾಯಿ ಹೊಸದು. ಹಾಗಂತ ಹೇಳಿ ಮಾರಿದರೆ ಅದರಲ್ಲಿ ತಪ್ಪೇನಿಲ್ಲ, ಚೇಗು (ಮರದ ಒಳಗಿನ ಗಟ್ಟಿ ತಿರುಳು) ತುಂಬಿದ ಅಂಥ ಹಳೆಯ ಸಾಗುವಾನಿ ಇವತ್ತು ಸುಲಭಕ್ಕೆ ಸಿಗುವುದಿಲ್ಲ. ಬೆಲೆ ಮಾತ್ರ ಆಂಟಿಕ್ಕಿನದು ಕೊಡಬೇಡ.

ಪಾಲಿಶ್ ವಿಷಯ ಒಂದೇ ಮಾತು. ಕಾಣದ ಜಾಗದಲ್ಲಿ ಹತ್ತಿಯಿಂದ ಸ್ವಲ್ಪ ಸ್ಪಿರಿಟ್ ಒತ್ತು. ಅಂಟಂಟಾದರೆ ಅದು ಅರಗಿನ ಪಾಲಿಶ್. ಬಿಸಿ ಲೋಟ ಇಟ್ಟರೆ ಬಿಳಿ ಬಳೆ ಮೂಡುತ್ತದೆ ನಿಜ, ಆದರೆ ಮತ್ತೆ ಮತ್ತೆ ಹಚ್ಚಿ ಸರಿಮಾಡಬಹುದು. ದಯವಿಟ್ಟು ಅದನ್ನು ಮಿಷನ್ನಿನಲ್ಲಿ ಉಜ್ಜಿಸಿ ಫಳಫಳ ಹೊಳೆಯುವ ಪಿಯು (ಪಾಲಿಯುರೆಥೇನ್) ಪಾಲಿಶ್ ಹೊಡೆಸಬೇಡ. ಅಷ್ಟು ವರ್ಷದ ಕೈ ತಾಗಿ ಬಂದ ಮೆರುಗು ಒಂದು ಗಂಟೆಯಲ್ಲಿ ಹೋಗುತ್ತದೆ, ಮತ್ತೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಮೂರರಲ್ಲಿ ನನ್ನ ಓಟು ದುಂಡನೆಯದಕ್ಕೆ, ಕಾಲು ಗಟ್ಟಿ ಇದ್ದರೆ. ನಿನ್ನ ಸೋಫಾದ ಕೈ ಎಷ್ಟು ಎತ್ತರ ಅಂತ ಇವತ್ತೇ ಅಳೆದು ತಿಳಿಸು. ಟೀಪಾಯಿ ಅದಕ್ಕೆ ಸಮ ಇರಬೇಕು, ಇಲ್ಲವೇ ಒಂದೆರಡು ಇಂಚು ತಗ್ಗು. ಎತ್ತರ ಹೊಂದದಿದ್ದರೆ ಬಿಟ್ಟುಬಿಡೋಣ, ಹಳೆಯ ಕಾಲನ್ನು ಕತ್ತರಿಸುವ ಯೋಚನೆಯೇ ಬೇಡ. ನಾನು ಭಾನುವಾರ ಬಿಡುವಾಗಿದ್ದೇನೆ. ಬೆಳಗ್ಗೆ ಬೇಗ ಹೊರಟರೆ ಚಿಕ್ಕಪೇಟೆಯ ಸಂಡೇ ಬಜಾರನ್ನೂ ಒಂದು ಸುತ್ತು ಹಾಕಿ ಬರಬಹುದು.

ನಿನ್ನ ಗೆಳೆಯ