ಹೃದಯ ಜ್ಯೋತಿಯ ಇಂಜೆಕ್ಷನ್ ಆದ ಮೇಲೆ ಏನು? ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿ ದುಡಿದು ಈಚೆಗೆ ನಿವೃತ್ತಳಾದವಳು. ಯಾವ ಸಂಘದ ಪರವಾಗಿಯೂ ಬರೆಯುತ್ತಿಲ್ಲ. ಕೇಳುವುದು ಒಂದೇ. ಹಾರ್ಟ್ ಅಟ್ಯಾಕ್ ಆಗಿ ಬದುಕಿ ಉಳಿದವರನ್ನು ಡಿಸ್ಚಾರ್ಜ್ ದಿನಕ್ಕೇ ಕೈಬಿಡಬೇಡಿ, ಇನ್ನೊಂದು ವರ್ಷ ಅವರನ್ನು ವಿಚಾರಿಸಿಕೊಳ್ಳಿ.

2023ರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ಬಂದಾಗ ನಮ್ಮಂಥವರಿಗೆ ಆದ ಖುಷಿ ಅಷ್ಟಿಷ್ಟಲ್ಲ. ಅದಕ್ಕೂ ಮುಂಚೆ ಎದೆನೋವು ಅಂತ ಬಂದವರಿಗೆ ಇಸಿಜಿ ತೆಗೆದು, ಆಸ್ಪಿರಿನ್ ಕೊಟ್ಟು, ಬೇಗ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ ಅಂತ ಆಂಬುಲೆನ್ಸ್ ಹತ್ತಿಸುವುದಷ್ಟೇ ನಮ್ಮ ಕೈಲಿತ್ತು. ದಾರಿಯಲ್ಲೇ ಹೋದವರು ಎಷ್ಟೋ ಜನ. ಈಗ ಈ ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ಆಸ್ಪತ್ರೆಯ ಡಾಕ್ಟರು ಅಲ್ಲಿಂದಲೇ ನೋಡಿ ಹೇಳುತ್ತಾರೆ. ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆ ಸಿಗುತ್ತದೆ. ಹೊರಗೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಇದನ್ನು ಮಾಡಿದ್ದಕ್ಕೆ ಮನಸಾರೆ ಧನ್ಯವಾದ.

ಆದರೆ ಅಟ್ಯಾಕ್ ಆದ ದಿನಕ್ಕೇ ಕಾಯಿಲೆ ಮುಗಿಯುವುದಿಲ್ಲ. ಹೃದಯದ ಯಾವ ಭಾಗಕ್ಕೆ ರಕ್ತ ಸಿಗದೆ ಸ್ನಾಯು ಸತ್ತಿತೋ ಆ ಭಾಗ ಮೊದಲ ಕೆಲವು ದಿನಗಳಲ್ಲೇ ತೆಳ್ಳಗಾಗಿ ಹಿಗ್ಗುತ್ತದೆ. ಆಮೇಲೆ ಅಲ್ಲಿ ಗಾಯದ ಕಲೆ ಕಟ್ಟುತ್ತದೆ, ಅದು ಹಿಂಡುವ ಕೆಲಸ ಮಾಡುವುದಿಲ್ಲ. ಉಳಿದ ಒಳ್ಳೆಯ ಸ್ನಾಯುವಿನ ಮೇಲೆ ಭಾರ ಬೀಳುತ್ತದೆ, ಅದೂ ನಿಧಾನಕ್ಕೆ ಉದ್ದವಾಗುತ್ತದೆ. ಮೊಟ್ಟೆಯಾಕಾರದ ಎಡ ಕೋಣೆ ತಿಂಗಳುಗಳು ಕಳೆದಂತೆ ಚೆಂಡಿನ ಹಾಗೆ ಗುಂಡಗಾಗುತ್ತದೆ. ಒಂದು ಕವಾಟ ಸರಿಯಾಗಿ ಮುಚ್ಚದೆ ಸೋರಲು ಶುರುವಾಗಬಹುದು, ಬಡಿತ ತಪ್ಪಬಹುದು. ಇದಕ್ಕೆ ಡಾಕ್ಟರು ರೀಮಾಡೆಲಿಂಗ್ ಅನ್ನುತ್ತಾರೆ. ರೋಗಿಗಳ ಬಾಯಲ್ಲಿ ಇದು "ಪಂಪಿಂಗ್ ಕಮ್ಮಿ ಆಗಿದೆಯಂತೆ". ಕೊನೆಗೆ ಬಂದು ನಿಲ್ಲುವುದು ಹಾರ್ಟ್ ಫೇಲ್ಯೂರ್‌ಗೆ, ಅಂದರೆ ದೇಹಕ್ಕೆ ಬೇಕಾದಷ್ಟು ರಕ್ತವನ್ನು ಹೃದಯ ಪಂಪ್ ಮಾಡಲಾಗದ ಸ್ಥಿತಿಗೆ.

ಇದರಲ್ಲಿ ದೇಹದ್ದೂ ಒಂದು ಕೈ ಇದೆ. ಹೃದಯದಿಂದ ರಕ್ತ ಕಡಿಮೆ ಬಂದರೆ ಕಿಡ್ನಿಗೆ ಗಾಬರಿಯಾಗುತ್ತದೆ, ಉಪ್ಪು ನೀರು ಎರಡನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಆಂಜಿಯೋಟೆನ್ಸಿನ್, ಆಲ್ಡೋಸ್ಟೆರಾನ್, ಅಡ್ರಿನಲಿನ್ ಅನ್ನುವ ಹಾರ್ಮೋನುಗಳೆಲ್ಲಾ ಏರುತ್ತವೆ. ಎರಡು ದಿನಕ್ಕೆ ಅದು ಸಹಾಯ. ತಿಂಗಳುಗಟ್ಟಲೆ ಹಾಗೇ ನಡೆದರೆ ಅದೇ ಹೃದಯವನ್ನು ಹಾಳುಮಾಡುತ್ತದೆ.

ಇಷ್ಟೆಲ್ಲ ಆಗುವಾಗ ರೋಗಿಗೆ ಏನೂ ಗೊತ್ತಾಗುವುದಿಲ್ಲ ಅನ್ನುವುದೇ ನನ್ನ ಸಂಕಟ. ನಾನು ಕೆಲಸ ಮಾಡಿದ ಒಂದು ಆಸ್ಪತ್ರೆಗೆ ನಲವತ್ತು ದಾಟಿದ ಒಬ್ಬರು ರೈತರು ಬಂದಿದ್ದರು. ಕೆಲವು ತಿಂಗಳ ಹಿಂದೆ ಅಟ್ಯಾಕ್ ಆಗಿ, ಇಂಜೆಕ್ಷನ್ ಆಗಿ, ನಗರದಲ್ಲಿ ಸ್ಟೆಂಟ್ ಹಾಕಿಸಿಕೊಂಡು ಬಂದವರು. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತೆ, ಗೋಡೆಗೆ ಒರಗಿಕೊಂಡೇ ನಿದ್ದೆ ಮಾಡ್ತೀನಿ ಅಂದರು. ಮೊಣಕಾಲ ಕೆಳಗೆ ಹೆಬ್ಬೆರಳಿನಿಂದ ಒತ್ತಿ ತೆಗೆದೆ, ಗುಳಿ ಹಾಗೇ ನಿಂತಿತು. ಮಾತ್ರೆ ಎಲ್ಲಿ ಅಂದರೆ ಹೆಂಡತಿ ಸೀರೆ ಸೆರಗಿನ ಗಂಟಿನಿಂದ ಮಡಚಿದ ಚೀಟಿ ತೆಗೆದು ಕೊಟ್ಟರು. ಬರೆದಿದ್ದ ಮಾತ್ರೆಗಳಲ್ಲಿ ಎರಡು ನಮ್ಮ ಔಷಧಿ ಕೌಂಟರಿನಲ್ಲಿ ಇರಲಿಲ್ಲ, ಹೊರಗೆ ತಗೊಳ್ಳಿ ಅಂತ ಕಳಿಸಿದ್ದಾರೆ. ಒಂದು ತಿಂಗಳು ತಗೊಂಡಿದ್ದಾರೆ. "ಆಮೇಲೆ ಆರಾಮಾಗಿದ್ದೆನಲ್ಲ ಸಿಸ್ಟರ್, ಸುಮ್ನೆ ಯಾಕೆ ದುಡ್ಡು ಅಂತ ಬಿಟ್ಟೆ" ಅಂದರು. ಡಿಸ್ಚಾರ್ಜ್ ಆದ ಮೇಲೆ ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್, ಆಗಿಯೇ ಇಲ್ಲ. ಮಾತ್ರೆ ನಿಲ್ಲಿಸಬೇಡಿ ಅಂತ ಅವರಿಗೆ ಒಬ್ಬರೂ ಫೋನ್ ಮಾಡಿರಲಿಲ್ಲ. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಇದು ತಡೆಯಲಾಗದ ಕಾಯಿಲೆಯೇನಲ್ಲ, ಅದಕ್ಕೇ ಹೊಟ್ಟೆ ಉರಿಯುತ್ತದೆ. ಬ್ರೆಜಿಲ್‌ನ ಒಂದು ಮಂಡಲದ ಹಾವಿನ ವಿಷದ ಅಧ್ಯಯನದಿಂದ ಕ್ಯಾಪ್ಟೋಪ್ರಿಲ್ ಅನ್ನುವ ಬಿಪಿ ಔಷಧಿ ಹುಟ್ಟಿತು. ಅಮೆರಿಕದ ಬೋಸ್ಟನ್‌ನಲ್ಲಿ ಮಾರ್ಕ್ ಮತ್ತು ಜಾನಿಸ್ ಫೆಫರ್ ದಂಪತಿ ಹಾರ್ಟ್ ಅಟ್ಯಾಕ್ ಮಾಡಿಸಿದ ಇಲಿಗಳಿಗೆ ಅದನ್ನು ಕೊಟ್ಟು ನೋಡಿದರು. ಹೃದಯ ಹಿಗ್ಗುವುದು ಕಡಿಮೆಯಾಯಿತು. ಆಮೇಲೆ 2,231 ರೋಗಿಗಳ ಮೇಲೆ ನಡೆದ ಸೇವ್ ಅಧ್ಯಯನದ ಫಲಿತಾಂಶ 1992ರಲ್ಲಿ ಬಂತು. ಅವರೆಲ್ಲ ಅಟ್ಯಾಕ್ ಆಗಿ ಪಂಪಿಂಗ್, ಅಂದರೆ ಎಡ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಹೊರಹೋಗುವ ಪಾಲು, ಶೇ. 40 ಅಥವಾ ಅದಕ್ಕಿಂತ ಕೆಳಗೆ ಇಳಿದವರು, ಆದರೆ ಫೇಲ್ಯೂರ್‌ನ ಲಕ್ಷಣ ಇಲ್ಲದವರು. ನಮ್ಮ ರೈತರ ಹಾಗೇ "ಆರಾಮಾಗಿದ್ದವರು". ಮಾತ್ರೆ ತಗೊಂಡವರಲ್ಲಿ ಸಾವು ಶೇ. 19ರಷ್ಟು ಕಡಿಮೆಯಾಗಿತ್ತು. 1992ರಲ್ಲಿ, ಸಚಿವರೇ! ಆಮೇಲೆ ಅಡ್ರಿನಲಿನ್ ಹೊಡೆತ ತಗ್ಗಿಸುವ ಬೀಟಾ ಬ್ಲಾಕರ್ ಬಂತು, ಆಲ್ಡೋಸ್ಟೆರಾನ್ ತಡೆಯುವ ಸ್ಪೈರೊನೊಲ್ಯಾಕ್ಟೋನ್ ಬಂತು, ಸಕ್ಕರೆ ಕಾಯಿಲೆಗೆ ಅಂತ ಬಂದ ಡಾಪಾಗ್ಲಿಫ್ಲೋಜಿನ್ ಹೃದಯಕ್ಕೂ ಒಳ್ಳೆಯದು ಅಂತ 2019ರಲ್ಲಿ ಗೊತ್ತಾಯಿತು. ಪಂಪಿಂಗ್ ಕಡಿಮೆ ಇರುವವರಿಗೆ ಇವತ್ತು ಇಂಥ ನಾಲ್ಕು ಬಗೆಯ ಮಾತ್ರೆಗಳಿವೆ. ಸರಿಯಾಗಿ ತಗೊಂಡರೆ ಎಷ್ಟೋ ಜನರಲ್ಲಿ ಹಿಗ್ಗಿದ ಹೃದಯ ಮತ್ತೆ ಕುಗ್ಗುತ್ತದೆ. ಪೇಟೆಂಟ್ ಮುಗಿದು ಡಾಪಾಗ್ಲಿಫ್ಲೋಜಿನ್ ಬೆಲೆ ಇಳಿದು ವರ್ಷಗಳೇ ಆದವು. ಹಾಗಾಗಿ ದುಡ್ಡಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಮಾತ್ರೆ ಬಿಟ್ಟರೆ ಏನಾಗುತ್ತದೆ ಅನ್ನುವುದನ್ನೂ ಲಂಡನ್‌ನಲ್ಲಿ ನೋಡಿದ್ದಾರೆ. ಅಟ್ಯಾಕ್‌ನಿಂದಲ್ಲದೆ ಬೇರೆ ಕಾರಣಕ್ಕೆ ಹೃದಯ ಹಿಗ್ಗಿ, ಔಷಧಿಯಿಂದ ಪೂರ್ತಿ ಚೇತರಿಸಿಕೊಂಡಿದ್ದ 51 ಜನರ ಅಧ್ಯಯನ ಅದು. ಡಾಕ್ಟರ ಕಣ್ಗಾವಲಿನಲ್ಲೇ ಮಾತ್ರೆ ನಿಲ್ಲಿಸಿದವರಲ್ಲಿ ನೂರಕ್ಕೆ 44 ಜನರಿಗೆ ಆರು ತಿಂಗಳೊಳಗೆ ಕಾಯಿಲೆ ಮರುಕಳಿಸಿತು. ಎಕೋದಲ್ಲಿ ನಾರ್ಮಲ್ ಅಂತ ಬಂದವರ ಕಥೆಯೇ ಹೀಗಾದರೆ ನಮ್ಮ ಕೌಂಟರಿನಲ್ಲಿ ಸ್ಟಾಕ್ ಇಲ್ಲ ಅಂತ ವಾಪಸ್ ಹೋದವರ ಗತಿ ಏನು?

ನಮ್ಮ ದೇಶದ ಲೆಕ್ಕವೂ ಇದೆ. ತಿರುವನಂತಪುರದ 18 ಆಸ್ಪತ್ರೆಗಳಲ್ಲಿ 2013ರಲ್ಲಿ ಹಾರ್ಟ್ ಫೇಲ್ಯೂರ್‌ಗೆ ದಾಖಲಾದ 1,205 ಜನರನ್ನು ಐದು ವರ್ಷ ಗಮನಿಸಿದರು. ನೂರಕ್ಕೆ 59 ಜನ ಅಷ್ಟರಲ್ಲಿ ತೀರಿಕೊಂಡಿದ್ದರು. ದಾಖಲಾದವರ ಸರಾಸರಿ ವಯಸ್ಸು 61. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಬೆಂಬಲದ ಹಾರ್ಟ್ ಫೇಲ್ಯೂರ್ ರಾಷ್ಟ್ರೀಯ ನೋಂದಣಿಯಲ್ಲಿ 53 ಆಸ್ಪತ್ರೆಗಳ 10,851 ರೋಗಿಗಳಿದ್ದಾರೆ. ಅದರಲ್ಲೂ ಮೂರು ತಿಂಗಳಲ್ಲಿ ನೂರಕ್ಕೆ 14 ಜನ ಇಲ್ಲವಾದರು, ಕೊಡಬೇಕಾದ ಔಷಧಿ ಸರಿಯಾಗಿ ಸಿಕ್ಕಿದ್ದು ಅರ್ಧಕ್ಕಿಂತ ಕಡಿಮೆ ಜನಕ್ಕೆ. ಎರಡೂ ಕಡೆ ಮುಖ್ಯ ಕಾರಣ ಹೃದಯದ ರಕ್ತನಾಳದ ಕಾಯಿಲೆಯೇ. ಕೇರಳದಲ್ಲಿ ಆದ ಕೆಲಸ ನಮ್ಮಲ್ಲಿ ಯಾಕಾಗಬಾರದು?

ಹಾಗಾಗಿ ಹೃದಯ ಜ್ಯೋತಿಯಲ್ಲಿ ಇಂಜೆಕ್ಷನ್ ಪಡೆದ ಪ್ರತಿಯೊಬ್ಬರ ಹೆಸರನ್ನೂ ಒಂದು ರಿಜಿಸ್ಟರಿನಲ್ಲಿ ಬರೆಸಿ. ಮೂರು ತಿಂಗಳೊಳಗೆ ಅವರಿಗೆ ಎಕೋ ಆಗಲೇಬೇಕು ಅಂತ ಆದೇಶ ಮಾಡಿ. ಪ್ರತಿ ತಾಲ್ಲೂಕಿಗೂ ಮೆಷಿನ್ ಕೊಡಲಾಗದಿದ್ದರೆ ತಿಂಗಳಿಗೊಂದು ದಿನ ಜಿಲ್ಲಾಸ್ಪತ್ರೆಯಲ್ಲಿ ಇವರಿಗೆ ಅಂತಲೇ ಎಕೋ ಇಡಿಸಿ. ಆ ನಾಲ್ಕು ಬಗೆಯ ಮಾತ್ರೆ ತಾಲ್ಲೂಕು ಆಸ್ಪತ್ರೆಯಲ್ಲಿ ಯಾವ ತಿಂಗಳೂ ಖಾಲಿಯಾಗಬಾರದು. ಡೋಸ್ ಏರಿಸುವಾಗ ಬಿಪಿ, ಪೊಟ್ಯಾಷಿಯಂ, ಕ್ರಿಯಾಟಿನಿನ್ ನೋಡಬೇಕು, ಅದಕ್ಕೆ ನಮ್ಮ ಲ್ಯಾಬುಗಳು ಸಾಕು. ಇನ್ನು ಒಬ್ಬ ನರ್ಸ್. ಇದೇ ಕೆಲಸಕ್ಕೆ ಅಂತ ತಾಲ್ಲೂಕಿಗೊಬ್ಬರು. ತೂಕ ಎಷ್ಟಿದೆ, ಕಾಲು ಊದಿದೆಯಾ, ಮಾತ್ರೆ ಉಳಿದಿದೆಯಾ, ಉಪ್ಪಿನಕಾಯಿ ಬಿಟ್ಟಿದ್ದೀರಾ ಅಂತ ಫೋನ್ ಮಾಡಿ ಕೇಳುವವರು. ಎರಡು ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಅದು ಮೈಯಲ್ಲಿ ನಿಂತ ನೀರು, ಅವತ್ತೇ ಕರೆಸಿ ಆ ನೀರನ್ನು ಮೂತ್ರದಲ್ಲಿ ಹೊರಹಾಕಿಸುವ ಮಾತ್ರೆ ಸರಿಮಾಡಿದರೆ ಐಸಿಯು ತಪ್ಪುತ್ತದೆ. ಫೇಲ್ಯೂರ್ ಆಗಿ ದಾಖಲಾದವರಿಗೆ ಡಿಸ್ಚಾರ್ಜ್ ಆದ ಎರಡೇ ವಾರದಲ್ಲಿ ಡೋಸ್ ಏರಿಸಿ ಪದೇ ಪದೇ ನೋಡಿದರೆ, ಆರು ತಿಂಗಳಲ್ಲಿ ಸಾವು ಅಥವಾ ಮರುದಾಖಲೆ ಶೇ. 23ರಿಂದ 15ಕ್ಕೆ ಇಳಿಯುತ್ತದೆ ಅಂತ 2022ರ ಸ್ಟ್ರಾಂಗ್ ಎಚ್‌ಎಫ್ ಅಧ್ಯಯನ ತೋರಿಸಿದೆ. ಅದರಲ್ಲಿ ಹೊಸ ಮೆಷಿನ್ ಏನೂ ಇರಲಿಲ್ಲ. ಇದ್ದ ಮಾತ್ರೆ, ಹೆಚ್ಚು ಭೇಟಿ, ಅಷ್ಟೇ.

ಈ ರಿಜಿಸ್ಟರಿನಿಂದ ಸಂಶೋಧನೆಗೂ ಲಾಭವಿದೆ. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ಕೆ. ತಂಗರಾಜ್, ಪೆರುಂದುರೈ ಧಂಡಪಾಣಿ ಮತ್ತು ಸಂಗಡಿಗರು 2009ರಲ್ಲಿ ಒಂದು ವಿಷಯ ಕಂಡುಹಿಡಿದರು. ಹೃದಯದ ಸ್ನಾಯುವಿಗೆ ಬೇಕಾದ ಒಂದು ಪ್ರೊಟೀನ್ ಜೀನ್‌ನಲ್ಲಿ 25 ಅಕ್ಷರಗಳಷ್ಟು ಭಾಗ ಕಾಣೆಯಾದವರು ನಮ್ಮ ಉಪಖಂಡದಲ್ಲಿ ನೂರಕ್ಕೆ ಸುಮಾರು ನಾಲ್ಕು ಜನ ಇದ್ದಾರೆ, ವಯಸ್ಸಾದಂತೆ ಅವರಿಗೆ ಹಾರ್ಟ್ ಫೇಲ್ಯೂರ್ ಅಪಾಯ ಜಾಸ್ತಿ. ಎಲ್ಲರಿಗೂ ಬರುತ್ತದೆ ಅಂತಲ್ಲ. ಯಾರಿಗೆ ಬರುತ್ತದೆ, ಅಟ್ಯಾಕ್ ಆದ ಮೇಲೆ ಯಾರ ಹೃದಯ ಬೇಗ ಹಿಗ್ಗುತ್ತದೆ ಅನ್ನುವುದು ತಿಳಿಯಬೇಕಾದರೆ ನಮ್ಮ ಜನರನ್ನೇ ವರ್ಷಗಟ್ಟಲೆ ನೋಡಬೇಕು. ಹೃದಯ ಸ್ನಾಯುವಿನ ಕಾಯಿಲೆಗಳ ಸಂಶೋಧನೆ ಬೆಂಗಳೂರಿನ ಇನ್‌ಸ್ಟೆಮ್ ಸಂಶೋಧನಾ ಸಂಸ್ಥೆಯಲ್ಲೇ ನಡೆಯುತ್ತಿದೆ, ಜಯದೇವ ಇಲ್ಲೇ ಇದೆ. ರೋಗಿಗಳ ಒಪ್ಪಿಗೆ ಪಡೆದು ಇವರನ್ನೆಲ್ಲ ಜೋಡಿಸುವುದು ಸರ್ಕಾರದ ಕೈಲಿದೆ.

2025ರಲ್ಲಿ ಹಾಸನದ ಹಠಾತ್ ಸಾವುಗಳ ಸುದ್ದಿ ಬಂದಾಗ ಜನ ಹೆದರಿ ಜಯದೇವದ ಮುಂದೆ ಕ್ಯೂ ನಿಂತಿದ್ದು ನಿಮಗೆ ಗೊತ್ತೇ ಇದೆ. ಸರ್ಕಾರ ಸಮಿತಿ ಮಾಡಿತು, ವರದಿ ಬಂತು. ಆ ಚುರುಕು ನನಗೆ ಇಷ್ಟವಾಯಿತು. ಅದೇ ಚುರುಕು ಇಲ್ಲೂ ಬೇಕು.

ಈ ಪತ್ರಕ್ಕೆ ಉತ್ತರ ಬರೆಯುವುದಾದರೆ ಇಷ್ಟನ್ನು ತಿಳಿಸಿ: ಹೃದಯ ಜ್ಯೋತಿಯಲ್ಲಿ ಇಂಜೆಕ್ಷನ್ ಪಡೆದವರಲ್ಲಿ ಒಂದು ವರ್ಷ ಆದ ಮೇಲೆ ಎಷ್ಟು ಜನ ಬದುಕಿದ್ದಾರೆ, ಅವರಲ್ಲಿ ಎಷ್ಟು ಜನಕ್ಕೆ ಎಕೋ ಆಗಿದೆ, ಎಷ್ಟು ಜನ ಇನ್ನೂ ಮಾತ್ರೆ ತಗೊಳ್ತಿದ್ದಾರೆ. ತಾಲ್ಲೂಕುವಾರು ಲೆಕ್ಕ ಕೊಡಿ.

ಇಂತಿ,
ನಿವೃತ್ತ ಶುಶ್ರೂಷಕಿ