ಮಗಳಿಗೊಂದು ಪತ್ರ: ಆ ಚೀಲದ ಭಾರ ಯಾರಿಗೆ ದಕ್ಕಿತು?

ಪ್ರೀತಿಯ ಮಗಳೇ,

ಅಮೆರಿಕದ ಲೇಖಕ ಕರ್ಟ್ ವೊನೆಗಟ್ 1961ರಲ್ಲಿ ಬರೆದ ‘ಹ್ಯಾರಿಸನ್ ಬರ್ಜೆರಾನ್’ ಕತೆ ಓದಿ, “ಎಲ್ಲರೂ ಒಂದೇ ಆಗಿಬಿಟ್ಟರೆ ಯಾರಿಗೂ ಕೀಳರಿಮೆ ಇರೋದಿಲ್ಲವಲ್ಲಮ್ಮ, ಅದರಲ್ಲಿ ತಪ್ಪೇನು?” ಅಂತ ಕೇಳಿದ್ದೆ. ಫೋನಿನಲ್ಲಿ ಎರಡು ಮಾತಾಡಿ ಮುಗಿಸುವ ಪ್ರಶ್ನೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರನ್ನೂ ಬಲವಂತವಾಗಿ ಸಮ ಮಾಡುವ ಆ ಕತೆಯ ಸಮಾಜ ನನಗೆ ನ್ಯಾಯವಾದದ್ದು ಅನ್ನಿಸುವುದಿಲ್ಲ. ಆದರೆ ನಿನ್ನ ಪ್ರಶ್ನೆಯ ಹಿಂದಿರುವ ಸಂಕಟ ಸುಳ್ಳಲ್ಲ. ಪಕ್ಕದವಳು ಸಲೀಸಾಗಿ ಮಾಡಿದ್ದು ಎಷ್ಟು ತಿಣುಕಿದರೂ ನಮಗೆ ಬರದೇ ಹೋದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕತೆ ನಡೆಯುವುದು 2081ರಲ್ಲಿ. ಯಾರೂ ಯಾರಿಗಿಂತಲೂ ಮೇಲಾಗಬಾರದೆಂದು ಬಲ, ಬುದ್ಧಿ, ಚೆಲುವು ಹೆಚ್ಚಿರುವವರ ಮೇಲೆ ಸರ್ಕಾರವೇ ಅಡ್ಡಿ ಹೇರುತ್ತದೆ. ಹ್ಯಾರಿಸನ್‌ನ ಅಪ್ಪ ಜಾರ್ಜ್‌ನ ಕೊರಳಿಗೆ 47 ಪೌಂಡ್ ಸೀಸದ ಗುಂಡುಗಳ ಚೀಲ ಕಟ್ಟಿ ಬೀಗ ಜಡಿದಿದ್ದಾರೆ. ಹತ್ತಿರಹತ್ತಿರ 21 ಕಿಲೋ. ಮನೆಯಲ್ಲಿದ್ದಾಗಲಾದರೂ ಒಂದಿಷ್ಟು ಗುಂಡು ತೆಗೆದಿಡಬಾರದೇ ಅಂತಾಳೆ ಹೆಂಡತಿ. ತೆಗೆದ ಒಂದೊಂದು ಗುಂಡಿಗೂ ಎರಡು ವರ್ಷ ಜೈಲು, 2000 ಡಾಲರ್ ದಂಡ ಅಂತಾನೆ ಅವನು. ಆ ಭಾರದಿಂದ ಯಾರಿಗೆ ಏನು ದಕ್ಕಿತು, ಹೇಳು? ಜಾರ್ಜ್‌ನ ಬಲ ಹೋಯಿತು. ಹೋದ ಬಲ ಇನ್ನೊಬ್ಬನ ತೋಳಿಗೇನೂ ಬರಲಿಲ್ಲ. ಉಳ್ಳವರಿಂದ ತೆರಿಗೆ ತೆಗೆದುಕೊಂಡರೆ ಆ ಹಣದಲ್ಲಿ ಶಾಲೆ ಕಟ್ಟಬಹುದು, ಅದನ್ನು ನಾನು ಒಪ್ಪುತ್ತೇನೆ. ಈ ಚೀಲದಿಂದ ಏನನ್ನೂ ಕಟ್ಟಲಾಗದು.

ಅವನ ಕಿವಿಯಲ್ಲೊಂದು ಪುಟ್ಟ ರೇಡಿಯೋ ಬೇರೆ ಇದೆ. ಯೋಚನೆ ಹರಿಯಲು ಶುರುವಾಗುತ್ತಿದ್ದಂತೆ ಕರ್ಕಶ ಸದ್ದು ಮಾಡಿ ಅದನ್ನು ಕತ್ತರಿಸಿಬಿಡುತ್ತದೆ. ಕಿವಿ ಕೇಳದವರಿಗೆ ಶ್ರವಣಯಂತ್ರ ಕೊಡುವುದೂ ಸಮಾನತೆಗಾಗಿಯೇ. ಎರಡೂ ಕಿವಿಯಲ್ಲೇ ಕೂರುತ್ತವೆ. ಒಂದರಿಂದ ಮಗು ಪಾಠ ಕೇಳಿಸಿಕೊಳ್ಳುತ್ತದೆ, ಇನ್ನೊಂದರಿಂದ ಅಪ್ಪ ತನ್ನ ಮಗನ ಬಗ್ಗೆ ಅಂದುಕೊಂಡದ್ದನ್ನೇ ಮರೆಯುತ್ತಾನೆ.

ನನ್ನನ್ನು ಹೆಚ್ಚು ಕಾಡಿದವಳು ಆ ನರ್ತಕಿ. ಟಿವಿಯಲ್ಲಿ ಸುದ್ದಿ ಓದಲು ಬಾಯಿ ತೆರೆದವಳೇ, ತನ್ನ ದನಿ ಇಂಪಾಗಿದೆ ಎಂದು ಕ್ಷಮೆ ಕೇಳುತ್ತಾಳೆ. ಆಮೇಲೆ ಬೇಕೆಂದೇ ಕೀರಲು ದನಿಯಲ್ಲಿ ಓದುತ್ತಾಳೆ. ಯಾರೂ ಗದರಲಿಲ್ಲ, ಅವಳೇ ತನ್ನನ್ನು ಕುಗ್ಗಿಸಿಕೊಂಡಳು. ಮಗಳೇ, ಇದಕ್ಕೆ 2081 ಬರಬೇಕಿಲ್ಲ. ಉತ್ತರ ಗೊತ್ತಿದ್ದೂ ಕೈ ಎತ್ತದೆ ಕೂತ ಹುಡುಗಿಯರನ್ನು ನಾನು ಕಂಡಿದ್ದೇನೆ.

ಇನ್ನು ಎಲ್ಲರನ್ನೂ ಸಮ ಮಾಡುವ ಆ ಅಧಿಕಾರಿಣಿ. ಅವಳ ಮೈಮೇಲೆ ಎಷ್ಟು ಭಾರವಿತ್ತೋ ಕತೆ ಹೇಳುವುದಿಲ್ಲ, ಆದರೆ ತಿರುಗಿಬಿದ್ದ ಹ್ಯಾರಿಸನ್‌ಗೆ ಗುಂಡಿಕ್ಕಿದಾಗ ಅವಳ ಗುರಿ ಮಾತ್ರ ತಪ್ಪಲಿಲ್ಲ. ಇದು ಬರೀ ಕತೆಯೂ ಅಲ್ಲ. 1975ರಲ್ಲಿ ಕಾಂಬೋಡಿಯಾದಲ್ಲಿ ಅಧಿಕಾರ ಹಿಡಿದ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಪಕ್ಷ ನಗರಗಳನ್ನು ಖಾಲಿ ಮಾಡಿಸಿತು, ಹಣವನ್ನೇ ರದ್ದು ಮಾಡಿತು, ಜನರಿಗೆ ಕಪ್ಪು ಬಟ್ಟೆ ತೊಡಿಸಿ ಗದ್ದೆಗೆ ಅಟ್ಟಿತು. ಓದಿದವರನ್ನು ಹುಡುಕಿ ಕೊಂದರು. ರಾಜಧಾನಿಯಲ್ಲಿ ಒಂದು ಶಾಲೆಯೇ ಸೆರೆಮನೆಯಾಯಿತು. 1979ರಲ್ಲಿ ಆ ಆಡಳಿತ ಬೀಳುವ ಹೊತ್ತಿಗೆ 15 ಲಕ್ಷಕ್ಕೂ ಹೆಚ್ಚು ಜನ ಸತ್ತಿದ್ದರು. ಎಲ್ಲರೂ ಒಂದೇ ಅಂದ ಆ ನಾಡಿನಲ್ಲೂ ಹೊಟ್ಟೆ ತುಂಬ ಉಂಡವರು ಪಕ್ಷದ ಮುಂದಾಳುಗಳೇ. ಸಮಾನತೆಯನ್ನು ಹೇರಬೇಕಾದರೆ ಹೇರುವವನು ಮೇಲೆ ನಿಲ್ಲಲೇಬೇಕಲ್ಲ.

ಹಾಗಂತ ಹದಿನಾಲ್ಕರ ಹ್ಯಾರಿಸನ್‌ನ ಪರ ನಾನು ಪೂರ್ತಿ ನಿಲ್ಲಲಾರೆ. ಸಂಕೋಲೆ ಕಳಚಿದವನೇ “ನಾನೇ ಚಕ್ರವರ್ತಿ, ಎಲ್ಲರೂ ನಾನು ಹೇಳಿದಂತೆ ಕೇಳಿ” ಅಂತ ಅಬ್ಬರಿಸುತ್ತಾನೆ. ಹೆಚ್ಚು ಬಲ ಇರುವುದಕ್ಕೆ ಶಿಕ್ಷೆ ಕೂಡದು ಸರಿ, ಅಷ್ಟಕ್ಕೇ ಸಿಂಹಾಸನ ಯಾಕೆ? ಆ ಭಾಗವನ್ನು ಇನ್ನೊಮ್ಮೆ ಓದು. ಅವನು ಗೆದ್ದಿದ್ದರೆ ಆ ನಾಡು ಹೇಗಿರುತ್ತಿತ್ತು ಅಂತ ನಿನಗನ್ನಿಸುತ್ತದೆ, ನನಗೆ ಬರೆ.

ನಿನ್ನ
ಅಮ್ಮ